ಇಂಡಿಯ ಲಿಂಬೆ, ಬಾಗೇವಾಡಿಯ ತಂಬಿಗೆ

ಇಂಡಿ ಬಸ್ ನಿಲ್ದಾಣದಲ್ಲಿ ಇಳಿದಾಗ ನನ್ನ ಹೆಗಲಿಗೆ ಒಂದು ಚೀಲ, ಕಂಕುಳಲ್ಲಿ ಒಂದು ಫೈಲು ಇದ್ದವು. ಚೀಲದಲ್ಲಿ ಮೂರು ಹಿತ್ತಾಳೆ ಬಟ್ಟಲು, ಒಂದು ತಾಮ್ರದ ತಂಬಿಗೆ, ಎರಡು ಕಟ್ಟು ಇಸ್ಪೀಟು, ಒಂದು ಮಾರು ಹಗ್ಗ. ಫೈಲಿನಲ್ಲಿ ಮಗಳು ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಐವತ್ತು ಕಾರ್ಡು. ಅದರ ಮೇಲೆ "ವ್ಯಾಪಾರ ಮೇಳ, ಡೀಲರ್ ಸಭೆ, ಅಂಗಡಿ ಉದ್ಘಾಟನೆಗಳಿಗೆ ಜಾದೂ ಪ್ರದರ್ಶನ" ಅಂತ ಅಚ್ಚಾಗಿತ್ತು.

"ಜಾದೂಗಾರ ಅಂತಷ್ಟೇ ಹಾಕವಾ, ಸಾಕು" ಅಂತ ನಾನು ಹೇಳಿದ್ದೆ.

"ಹಂಗ ಹಾಕಿದ್ರ ಬರ್ತ್‌ಡೇ ಪಾರ್ಟಿಗೇ ಕರೀತಾರ ಅಪ್ಪಾ. ನಿನಗ ಯಾವ ಕೆಲಸ ಬೇಕೋ ಅದನ್ನ ಬರೀಬೇಕು" ಅಂದಳು. ಡಿಪ್ಲೊಮಾ ಓದುವ ಹುಡುಗಿ, ಅವಳ ಮಾತಿನಲ್ಲಿ ಹುರುಳಿತ್ತು. ಅವಳ ಎರಡನೇ ವರ್ಷದ ಫೀಸಿಗೆ ಇನ್ನೂ ಹದಿನಾಲ್ಕು ಸಾವಿರ ಕಡಿಮೆ ಬೀಳುತ್ತಿತ್ತು. ತಿಂಗಳ ಕೊನೆಯ ಗಡುವು. ಎಳ್ಳ ಅಮಾವಾಸ್ಯೆಗೆ ಎರಡು ವಾರ ಉಳಿದಿತ್ತು.

ನಾನು ವಿಜಯಪುರದವನು. 2014ರಲ್ಲಿ ಊರಿನ ಹೆಸರು ಬದಲಾಗಿದ್ದರೂ ಬಾಯಲ್ಲಿ ಇನ್ನೂ ಬಿಜಾಪುರ ಅಂತಲೇ ಬರುತ್ತದೆ. ಸೋದರಮಾವನಿಂದ ಹದಿಮೂರನೇ ವಯಸ್ಸಿಗೆ ಕೈಚಳಕ ಕಲಿತೆ. ಶಾಲೆ ಶಾಲೆಗೆ ಹೋಗಿ ಮಕ್ಕಳಿಂದ ತಲೆಗೆ ಹತ್ತು ರೂಪಾಯಿಯಂತೆ ತೆಗೆದುಕೊಂಡು ಆಟ ತೋರಿಸುತ್ತಿದ್ದೆ. ಕೊರೊನಾ ಬಂದ ಮೇಲೆ ಶಾಲೆಯ ಆಟ ನಿಂತೇ ಹೋಯಿತು. ಈಗ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ನನಗಿಂತ ದೊಡ್ಡ ಜಾದೂಗಾರರು ಪುಕ್ಕಟೆ ಸಿಗುತ್ತಾರೆ.

ಹೊಸ ದಾರಿ ಸಿಕ್ಕಿದ್ದು ಆಕಸ್ಮಿಕ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ವಿಜಯಪುರದ ಹತ್ತಿರ ಹಿಟ್ಟಿನಹಳ್ಳಿ ಫಾರ್ಮಿನಲ್ಲಿ ಕೃಷಿ ಮೇಳ ಮಾಡುತ್ತಾರಲ್ಲ, ಹಿಂದಿನ ಸಲ ಅಲ್ಲಿಗೆ ಸುಮ್ಮನೆ ನೋಡಲು ಹೋಗಿದ್ದೆ. ಸಾಲುಸಾಲು ಮಳಿಗೆ: ಬೀಜ, ಗೊಬ್ಬರ, ಟ್ರ್ಯಾಕ್ಟರ್, ಹನಿ ನೀರಾವರಿ. ಮಂದಿ ಕೈಯಲ್ಲಿ ಕರಪತ್ರ ಹಿಡಿದು ಒಂದು ಮಳಿಗೆಯಿಂದ ಇನ್ನೊಂದಕ್ಕೆ ನಿಲ್ಲದೆ ಹರಿಯುತ್ತಿದ್ದರು. ಗುರುತಿನವನೊಬ್ಬ ತನ್ನ ಮಳಿಗೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದ. ನಾನು ತಮಾಷೆಗೆ ಅವನ ಮೇಜಿನ ಮೇಲಿದ್ದ ಪೈಪಿನ ತುಂಡಿನಿಂದ ಒಂದು ಕರವಸ್ತ್ರ ಮಾಯ ಮಾಡಿದೆ. ಹತ್ತು ನಿಮಿಷದಲ್ಲಿ ನಲವತ್ತು ಮಂದಿ ನಿಂತರು. ಸಂಜೆ ಅವನು ನನ್ನ ಕಿಸೆಯಲ್ಲಿ ಒಂದೂವರೆ ಸಾವಿರ ಇಟ್ಟು, "ನಾಳಿ ಮತ್ತ ಬಾ ಮಾರಾಯಾ" ಅಂದ.

ಇದೇನೂ ನಾನು ಕಂಡುಹಿಡಿದ ಕಸುಬಲ್ಲ. ಅಮೆರಿಕದಲ್ಲಿ ಎಡ್ಡಿ ಟುಲ್ಲಕ್ ಎಂಬ ಜಾದೂಗಾರ ಇಸ್ಪೀಟು ಎಲೆ ಹಿಡಿದು ಕಂಪನಿಗಳ ಮಳಿಗೆ ಮುಂದೆ ನಿಂತು, ಅದರಲ್ಲೇ ಜೀವನ ಮಾಡಿ ಹೆಸರಾದ. ಬೆಂಗಳೂರಿನ ತುಮಕೂರು ರಸ್ತೆಯ ದೊಡ್ಡ ಪ್ರದರ್ಶನ ಕೇಂದ್ರದಲ್ಲಿ ಯಂತ್ರಗಳ ಮೇಳ ನಡೆದಾಗಲೂ ಇಂಥ ಕೆಲಸಕ್ಕೆ ಅವಕಾಶವಿದೆ. ಆದರೆ ಅಲ್ಲಿ ಇಂಗ್ಲಿಷ್ ಬೇಕು, ಕೋಟು ಬೇಕು, ನಡುವೆ ಏಜೆನ್ಸಿಯವರು ಬೇಕು. ನನಗೆ ಗೊತ್ತಿರುವುದು ನಮ್ಮ ಜಿಲ್ಲೆಯ ಮಾತು, ನಮ್ಮ ಮಂದಿ. ಹಾಗಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಊರು, ನಾಲ್ಕು ದಿನ ಅಂತ ಗೊತ್ತು ಮಾಡಿಕೊಂಡು ಮನೆ ಬಿಟ್ಟೆ. ಮುಂದಿನ ಮೇಳಕ್ಕೆ ಯಾರಾದರೂ ಈಗಲೇ ನನ್ನನ್ನು ಗೊತ್ತು ಮಾಡಿಕೊಂಡಾರೇ ಅಂತ ಕೇಳುವುದೇ ಪ್ರವಾಸದ ಉದ್ದೇಶ.

ಇಂಡಿ: ಲಿಂಬೆಯೊಳಗಿನ ನೋಟು

ವಿಜಯಪುರದಿಂದ ಇಂಡಿಗೆ ಸುಮಾರು ಐವತ್ತೈದು ಕಿಲೋಮೀಟರು. ಕಪ್ಪು ನೆಲದಲ್ಲಿ ಬಿಳಿಜೋಳ ಮೊಣಕಾಲೆತ್ತರ ಎದ್ದಿತ್ತು, ತೊಗರಿ ಕಾಯಿಗಟ್ಟಿತ್ತು. ಇಂಡಿ ಹತ್ತಿರವಾದಂತೆ ಲಿಂಬೆ ತೋಟಗಳು ಶುರು. ಇಂಡಿ ಲಿಂಬೆಗೆ ಈಗ ಜಿ.ಐ. ಟ್ಯಾಗ್ ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇದೇ ಊರಲ್ಲಿದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಕಾಕಾ ಹೇಳಿದರು: "ಬ್ಯಾಸಿಗ್ಯಾಗ ಲಿಂಬಿ ಅಂದ್ರ ಬಂಗಾರ. ಈ ಚಳಿಯೊಳಗ ಕೇಳೋರಿಲ್ಲ. ಹರಿಯೋ ಆಳಿನ ಕೂಲಿ ಸುದ್ದಾ ಹುಟ್ಟೂದಿಲ್ಲ."

ಬಂದ ಕೆಲಸ ಬಿಟ್ಟು ಊರು ನೋಡುವ ಅಭ್ಯಾಸ ನನಗೆ. ಇಂಡಿಯ ಹತ್ತಿರದ ಸಾಲೋಟಗಿ ನೋಡಲೇಬೇಕು ಅಂತ ಬಹಳ ದಿನದಿಂದ ಆಸೆಯಿತ್ತು. ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ 945ರ ಶಾಸನ ಅಲ್ಲಿಯದು. ದೂರದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇಲ್ಲಿ ಇದ್ದು ಓದುತ್ತಿದ್ದರಂತೆ, ಅವರ ವಸತಿಗೆ, ದೀಪಕ್ಕೆ ದಾನ ಬಿಟ್ಟಿದ್ದರಂತೆ. ಸಾವಿರ ವರ್ಷದ ಹಿಂದೆ ಓದುವವರ ಫೀಸಿನ ಚಿಂತೆಯನ್ನು ಊರೇ ಹೊತ್ತಿತ್ತು ಅಂತ ನೆನೆದು, ನನ್ನ ಹದಿನಾಲ್ಕು ಸಾವಿರ ಮತ್ತೆ ತಲೆಯಲ್ಲಿ ಬಂದು ಕೂತಿತು. ಸಾಲೋಟಗಿಯನ್ನು ಮತ್ತೊಂದು ಸಲಕ್ಕೆ ಬಿಟ್ಟು ಮಾರುಕಟ್ಟೆಯ ದಾರಿ ಹಿಡಿದೆ.

ಕೃಷಿ ಸಾಮಾನಿನ ಅಂಗಡಿಯೊಂದರಲ್ಲಿ ಕಾರ್ಡು ಕೊಟ್ಟೆ. ಮಾಲೀಕರು ತಿರುಗಿಸಿ ತಿರುಗಿಸಿ ನೋಡಿ, "ಜಾದೂ ಮಾಡಿ ಏನ್ ಮಾರ್ತೀರಿ?" ಅಂದರು.

"ನಾ ಏನೂ ಮಾರೂದಿಲ್ರಿ. ನಾ ಮಂದಿನ್ನ ನಿಲ್ಲಸ್ತೀನಿ, ನೀವು ಮಾರ್ರಿ."

"ನಿಲ್ಲಸ್ರಿ ನೋಡೋಣು."

ಅಂಗಡಿ ಮುಂದಿನ ಬುಟ್ಟಿಯಿಂದ ಅವರ ಕೈಯಲ್ಲೇ ಒಂದು ಲಿಂಬೆಹಣ್ಣು ಆರಿಸಿಸಿದೆ. ಒಬ್ಬ ರೈತನಿಂದ ನೂರರ ನೋಟು ಇಸಿದುಕೊಂಡು, ಅದರ ನಂಬರನ್ನು ಇನ್ನೊಬ್ಬನಿಂದ ಬರೆಸಿ, ನೋಟನ್ನು ಮಾಯ ಮಾಡಿದೆ. ಆಮೇಲೆ ಲಿಂಬೆಯನ್ನು ಕೊಯ್ದರೆ ಒಳಗೆ ರಸದಲ್ಲಿ ತೊಯ್ದ ಅದೇ ನೋಟು. ಇದು ಜಗತ್ತಿನ ಎಲ್ಲ ಜಾದೂಗಾರರಿಗೂ ಗೊತ್ತಿರುವ ಹಳೆಯ ಆಟ. ಆದರೆ ಲಿಂಬೆಯ ಊರಲ್ಲಿ ಅದಕ್ಕೆ ಬೇರೆಯೇ ಕಳೆ. ಹದಿನೈದಿಪ್ಪತ್ತು ಮಂದಿ ಸೇರಿಬಿಟ್ಟರು. ಒಬ್ಬ ಹುಡುಗ, "ಹಿಂತಾ ಗಿಡ ಎಲ್ಲಿ ಸಿಗ್ತಾವ ಹೇಳ್ರಿ, ಎರಡೆಕರೆ ಹಚ್ತೀನಿ" ಅಂದ. ಎಲ್ಲರೂ ನಕ್ಕರು.

ನಗದೆ ನಿಂತವರು ಒಬ್ಬ ವಯಸ್ಸಾದ ಆಯಿ. ಕೊಯ್ದ ಲಿಂಬೆಯ ಹೋಳನ್ನು ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. "ಬ್ಯಾಡ ನನ್ನಪ್ಪಾ. ಮಾಟದ ಲಿಂಬಿ ಮುಟ್ಟಬಾರದು."

ಇದು ನಮ್ಮ ಕಸುಬಿನ ಹಳೆಯ ಗಾಯ. ನಮ್ಮ ಕಡೆ ಗಾರುಡಿಗರು, ಸುಡುಗಾಡು ಸಿದ್ಧರು ಊರೂರು ತಿರುಗಿ ಕೈಚಳಕ ತೋರಿಸುತ್ತಿದ್ದರು. ಅವರಿಗೆ ಮಂದಿ ಕಾಳು ಹಾಕುತ್ತಿದ್ದರು, ಒಳಗೊಳಗೇ ಅಂಜುತ್ತಲೂ ಇದ್ದರು. ಮಾಟ ಮಂತ್ರದ ಹೆಸರಲ್ಲಿ ಅಂಜಿಸಿ ದುಡ್ಡು ಕೀಳುವುದನ್ನು ತಡೆಯಲು ರಾಜ್ಯದಲ್ಲಿ 2017ರಲ್ಲಿ ಕಾಯ್ದೆಯೇ ಬಂದಿದೆ. ಆದರೆ ಅಂಜಿಕೆ ಒಂದು ಕಾಯ್ದೆಗೆ ಹೋಗುವಂಥದ್ದಲ್ಲ.

ನಾನು ಆಯಿಯ ಪಕ್ಕದ ಕಟ್ಟೆಯ ಮೇಲೆ ಕೂತೆ. "ಆಯಿ, ಇದು ಮಾಟ ಅಲ್ರಿ, ಆಟ. ನನ್ನ ಕೈ ಜೋರು, ನಿಮ್ಮ ಕಣ್ಣು ಒಂಚೂರು ಸಾವಕಾಶ. ಅಷ್ಟ ಫರಕು" ಅಂತ ಹೇಳಿ ಒಂದು ನಾಣ್ಯ ಹೇಗೆ ಬೆರಳ ಸಂದಿಯಲ್ಲಿ ಅಡಗುತ್ತದೆ ಅಂತ ನಿಧಾನ ತೋರಿಸಿದೆ. ಗುಟ್ಟು ಬಿಡಬಾರದು ಅಂತ ನಮ್ಮಲ್ಲಿ ಕಟ್ಟಳೆ ಇದೆ. ಆದರೆ ಅಂಜಿದವರ ಮುಂದೆ ಒಂದು ಸಣ್ಣ ಗುಟ್ಟು ಬಿಟ್ಟರೆ ತಪ್ಪಿಲ್ಲ ಅಂತ ಮಾವ ಹೇಳುತ್ತಿದ್ದ. ಆಯಿ ನಾಣ್ಯ ನೋಡಿ, ನನ್ನ ಮುಖ ನೋಡಿ, "ಹಲ್ಕಟ್ ಇದ್ದೀ ನೀ" ಅಂತ ನಕ್ಕು ಲಿಂಬೆ ಹೋಳು ಇಸಿದುಕೊಂಡರು.

ಅಂಗಡಿಯವರು ಚಹಾ ಕುಡಿಸಿದರು. ಕೆಲಸ? "ಬ್ಯಾಸಿಗ್ಯಾಗ ನೋಡೋಣು, ಲಿಂಬಿಗೆ ರೇಟ್ ಬರಲಿ." ಲಿಂಬೆಗೆ ರೇಟು ಬಂದರೆ ನನಗೂ ರೇಟು. ಕಾರ್ಡು ಮಾತ್ರ ಅವರ ಗಲ್ಲಾದ ಗಾಜಿನ ಕೆಳಗೆ ಸೇರಿತು.

ಸಿಂದಗಿ: ಮಂದಿ ಕೂಡಿದರು, ವ್ಯಾಪಾರ ಕೂಡಲಿಲ್ಲ

ಮರುದಿನ ಸಿಂದಗಿ. ವಿಜಯಪುರದಿಂದ ಕಲಬುರಗಿಗೆ ಹೋಗುವ ಹೆದ್ದಾರಿಯ ಮೇಲಿನ ಊರು, ಸದಾ ಲಾರಿ, ಕಬ್ಬಿನ ಟ್ರ್ಯಾಕ್ಟರುಗಳ ಓಡಾಟ. ಸಂಶೋಧಕ ಎಂ.ಎಂ. ಕಲಬುರ್ಗಿಯವರು ಹುಟ್ಟಿದ ಯರಗಲ್ಲ ಇದೇ ಸೀಮೆಯದು. ಅಲ್ಲಿ ಒಂದು ಅದೃಷ್ಟ ಕಾದಿತ್ತು. ಪರಿಚಯದ ಹುಡುಗನೊಬ್ಬ ಕೆಲಸ ಮಾಡುವ ಷೋರೂಮಿನಲ್ಲಿ ಅಂದೇ ಹೊಸ ಮಾದರಿಯ ಟ್ರ್ಯಾಕ್ಟರಿಗೆ ಪೂಜೆ. "ಬರ್ರಿ ಕಾಕಾ, ಎರಡ ಸಾವಿರ ಕೊಡಸ್ತೀನಿ" ಅಂದ.

ಸಂಜೆ ನಾಲ್ಕಕ್ಕೆ ಶುರು ಮಾಡಿದೆ. ಹಗ್ಗ ಕತ್ತರಿಸಿ ಕೂಡಿಸಿದೆ, ಬಟ್ಟಲಲ್ಲಿ ಚೆಂಡು ಹುಟ್ಟಿಸಿದೆ, ಖಾಲಿ ಕೈಯಿಂದ ಹೂವು ತೆಗೆದೆ. ಏನು ಗದ್ದಲ ಅಂತೀರಿ! ನೂರಕ್ಕೂ ಹೆಚ್ಚು ಮಂದಿ. ಚಪ್ಪಾಳೆ, ಸೀಟಿ. ನಾನು ಹಿಗ್ಗಿ ಮುಕ್ಕಾಲು ಗಂಟೆ ಆಡಿದೆ. ಮುಗಿದ ಮೇಲೆ ಷೋರೂಮ್ ಮಾಲೀಕರು ನನ್ನನ್ನು ಒಳಗೆ ಕರೆದರು.

"ಆಟ ಚಲೋ ಆತ್ರಿ. ಆದ್ರ ಒಂದು ಮಾತು. ಕೂಡಿದ ಮಂದಿಯೊಳಗ ಸಾಲಿ ಬಿಟ್ಟು ಬಂದ ಹುಡುಗೂರು ಎಷ್ಟು? ಟ್ರ್ಯಾಕ್ಟರ್ ತೊಗೊಳ್ಳೋರು ಎಷ್ಟು? ಇಬ್ಬರು ರೈತರು ರೇಟ್ ಕೇಳಾಕ ಬಂದಿದ್ರು, ಗದ್ದಲದಾಗ ಒಳಗ ಬರಾಕ ಜಾಗಾ ಸಿಗದ ಹೊಳ್ಳಿ ಹ್ವಾದ್ರು."

ನಾನು ಬಾಯಿ ಮುಚ್ಚಿಕೊಂಡೆ. ಅವರು ಸಿಟ್ಟಿನಲ್ಲಿ ಹೇಳಲಿಲ್ಲ, ಲೆಕ್ಕದಲ್ಲಿ ಹೇಳಿದರು. ಎರಡು ಸಾವಿರವನ್ನೂ ಪೂರ್ತಿ ಕೊಟ್ಟರು. ಮೇಲೆ ಇನ್ನೊಂದು ಮಾತು: "ನಮ್ಮ ಕಡೆ ಮಂದಿ ಕೂಡೋದು ಕಷ್ಟ ಅಲ್ರಿ, ಹಾವು ಹೊಂಟ್ರೂ ಕೂಡತಾರ. ಉದ್ರಿ ತೀರಸೋ ಗಿರಾಕಿ ಕೂಡೋದು ಕಷ್ಟ."

ಆ ರಾತ್ರಿ ಖಾನಾವಳಿಯಲ್ಲಿ ರೊಟ್ಟಿ, ಜುಣಕ ತಿನ್ನುತ್ತ ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಒಂದು, ಆಟ ಏಳೆಂಟು ನಿಮಿಷ ಮೀರಬಾರದು. ಎರಡು, ಶಾಲೆ ಬಿಡುವ ಹೊತ್ತಿಗೆ ಆಡಬಾರದು. ಮೂರು, ಬಾಗಿಲಿಗೆ ಅಡ್ಡ ನಿಲ್ಲಬಾರದು, ಒಂದು ಬದಿಗೆ ನಿಲ್ಲಬೇಕು. ನಾಲ್ಕು, ಕೊನೆಯ ಚಪ್ಪಾಳೆ ನನಗಲ್ಲ. ಮಂದಿ ಇನ್ನೂ ನೋಡುತ್ತಿರುವಾಗಲೇ ಮಾತನ್ನು ಅಂಗಡಿಯವರ ಕೈಗೆ ದಾಟಿಸಬೇಕು. ಮೂವತ್ತು ವರ್ಷ ವೇದಿಕೆಯ ಮೇಲೆ ಚಪ್ಪಾಳೆಗಾಗಿಯೇ ಆಡಿದವನಿಗೆ ಈ ನಾಲ್ಕನೆಯದು ನುಂಗಲಾಗದ ತುತ್ತು. ಆದರೆ ದುಡ್ಡು ಕೊಡುವವರು ಅದಕ್ಕೇ ಕೊಡುತ್ತಾರೆ.

ಮುದ್ದೇಬಿಹಾಳ: ಹದಿನೈದು ಸಾವಿರದ ಗ್ಲಾಸು

ಸಿಂದಗಿಯಿಂದ ತಾಳಿಕೋಟೆ ದಾಟಿ ಮುದ್ದೇಬಿಹಾಳಕ್ಕೆ ಬಂದೆ. ತಾಳಿಕೋಟೆ ಅಂದರೆ ನಮಗೆಲ್ಲ ಶಾಲೆಯ ಇತಿಹಾಸ ಪಾಠ ನೆನಪಾಗುತ್ತದೆ, 1565ರ ಯುದ್ಧ. ನಿಜಕ್ಕೂ ಯುದ್ಧ ನಡೆದದ್ದು ಊರಿನಿಂದ ದೂರ, ಕೃಷ್ಣೆಯ ದಡದ ರಕ್ಕಸಗಿ ತಂಗಡಗಿ ಕಡೆ ಅಂತ ಬಲ್ಲವರು ಹೇಳುತ್ತಾರೆ. ಹೆಸರು ಒಂದು ಕಡೆ, ಸಂಗತಿ ಇನ್ನೊಂದು ಕಡೆ. ಆ ದಿನ ನನ್ನ ಪಾಲಿಗೂ ಹಾಗೇ ಆಗುವುದಿತ್ತು.

ಮುದ್ದೇಬಿಹಾಳದ ಅಂಗಡಿಯೊಂದರಲ್ಲಿ ಕಾರ್ಡು ಕೊಡುತ್ತಿದ್ದಾಗ ಅಲ್ಲೇ ಕೂತಿದ್ದ ಕಂಪನಿ ಪ್ರತಿನಿಧಿಯೊಬ್ಬ ಕೈಚಾಚಿ ಇಸಿದುಕೊಂಡ. ಇಸ್ತ್ರಿ ಮಾಡಿದ ಅಂಗಿ, ಸಿಹಿ ಮಾತು. "ಸರ್, ನಿಮ್ಮಂಥೋರನ್ನೇ ಹುಡುಕ್ತಿದ್ದೆ" ಅಂತ ಪಕ್ಕದ ಹೋಟೆಲ್ಲಿಗೆ ಕರೆದುಕೊಂಡು ಹೋಗಿ ಮಿರ್ಚಿ ಭಜಿ ತರಿಸಿದ. ಅವರ ಕಂಪನಿಯದು ಮಣ್ಣಿಗೆ ಹಾಕುವ ಒಂದು ಪುಡಿ. ಸುತ್ತಲಿನ ಹಳ್ಳಿಗಳಲ್ಲಿ ಮೂರು ದಿನ ರೈತರ ಸಭೆ, ದಿನಕ್ಕೆ ಐದು ಸಾವಿರ.

ಮೂರು ದಿನ, ಹದಿನೈದು ಸಾವಿರ. ನನ್ನ ಕೈಯಲ್ಲಿದ್ದ ಭಜಿ ಹಾಗೇ ನಿಂತಿತು. ಮಗಳ ಫೀಸು ತೀರಿ ಮೇಲೆ ಒಂದು ಸಾವಿರ ಉಳಿಯುತ್ತಿತ್ತು.

"ಏನ್ ಆಡಬೇಕ್ರಿ?"

"ಆಟ ಅಲ್ಲ ಸರ್, ಡೆಮೊ. ಎರಡು ಗ್ಲಾಸು ಸವಳು ನೀರು. ಒಂದಕ್ಕ ನಮ್ಮ ಪುಡಿ ಹಾಕೋದು. ಅದು ತಿಳಿ ಆಗಬೇಕು. ಪುಡಿ ಅಷ್ಟು ಲಗೂ ಕೆಲಸ ಮಾಡೂದಿಲ್ಲ, ಅದಕ್ಕ ನಿಮ್ಮ ಕೈ ಬೇಕು. ನೀವು ಜಾದೂಗಾರ ಅಂತ ಹೇಳೂದಿಲ್ಲ. ಬಿಳಿ ಕೋಟ್ ಕೊಡ್ತೀವಿ, ಮಣ್ಣಿನ ತಜ್ಞರು ಅಂತ ಪರಿಚಯ ಮಾಡ್ತೀವಿ."

ಕೈ ಎರಡೂ ಕೆಲಸಕ್ಕೆ ಅದೇ. ನೀರಿನ ಬಣ್ಣ ಬದಲಿಸುವ ಆಟ ನಾನು ನೂರು ಸಲ ಆಡಿದ್ದೇನೆ. ಆದರೆ ಆಗೆಲ್ಲ ಎದುರಿನವರಿಗೆ ಗೊತ್ತಿರುತ್ತಿತ್ತು, ಇವನು ನಮ್ಮ ಕಣ್ಣು ಕಟ್ಟುತ್ತಿದ್ದಾನೆ ಅಂತ. ಕಣ್ಣು ಕಟ್ಟಿಸಿಕೊಳ್ಳಲು ಅವರೇ ಒಪ್ಪಿ ಬಂದಿರುತ್ತಿದ್ದರು. ಇಲ್ಲಿ ಹಾಗಲ್ಲ. ಸವಳು ನೆಲ ಅಂದರೆ ನೀರಾವರಿಯ ಹಳ್ಳಿಗಳಲ್ಲಿ ತಮಾಷೆಯ ಮಾತಲ್ಲ. ಕಾಲುವೆ ನೀರು ಹೆಚ್ಚಾಗಿ ಬಸಿದು ಹೋಗದೆ ನಿಂತಲ್ಲಿ ಉಪ್ಪು ಮೇಲೇಳುತ್ತದೆ, ಬೆಳೆ ಕರಕಾಗುತ್ತದೆ. ಅಂಥ ಹೊಲದವನು ನನ್ನ ಗ್ಲಾಸು ನೋಡಿ ನಂಬಿ, ಸಾಲ ಮಾಡಿ ಚೀಲಗಟ್ಟಲೆ ಪುಡಿ ಒಯ್ಯುತ್ತಾನೆ.

"ರಾತ್ರಿ ಫೋನ್ ಮಾಡ್ತೀನ್ರಿ" ಅಂದೆ. ಆಗಲ್ಲ ಅಂತ ಅಲ್ಲೇ ಹೇಳಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಹೇಳಲಿಲ್ಲ. ಲಾಡ್ಜಿನ ಕೋಣೆಯಲ್ಲಿ ಎರಡು ತಾಸು ಕೂತು ಲೆಕ್ಕ ಹಾಕಿದೆ. ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ. ಪುಡಿ ಪೂರಾ ಸುಳ್ಳು ಅಂತ ನನಗೇನು ಗೊತ್ತು? ಮೂರೇ ದಿನದ ಮಾತು. ಮನಸ್ಸಿಗೂ ಒಳ್ಳೆಯ ಕೈಚಳಕ ಬರುತ್ತದೆ.

ಕೊನೆಗೆ ಮನೆಗೆ ಫೋನ್ ಮಾಡಿದೆ. ಮನೆಯಾಕಿ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳ ಅಣ್ಣ ಒಂದು ವರ್ಷ ಹುಸಿ ಬೀಜ ಹಾಕಿ ಮೂರೆಕರೆ ಹತ್ತಿ ಕಳೆದುಕೊಂಡವನು. ಬೀಜ ಮಾರಿದವನು ಆಮೇಲೆ ಊರಲ್ಲೇ ಕಾಣಲಿಲ್ಲ.

"ಆ ಸಭಾದಾಗ ನಮ್ಮಣ್ಣ ಕುಂತಿದ್ರ ನೀವು ಆ ಗ್ಲಾಸ್ ಹಿಡೀತಿದ್ರೇನ್ರಿ?" ಅಂದಳು.

"ಫೀಸಿಂದು?"

"ಫೀಸಿಂದು ನಾ ಸಂಘದಾಗ ಕೇಳ್ತೀನಿ. ನೀವು ಬಿಳಿ ಕೋಟ್ ಹಾಕ್ಕೊಂಡ್ರ ನಿಮಗ ಒಪ್ಪೂದಿಲ್ಲ ಬಿಡ್ರಿ" ಅಂತ ನಕ್ಕಳು.

ಪ್ರತಿನಿಧಿಗೆ ಫೋನ್ ಮಾಡಿ ಹೇಳಿದೆ. ಅವನು ಸಿಟ್ಟಾಗಲಿಲ್ಲ, "ಬ್ಯಾಡಾದ್ರ ಬಿಡ್ರಿ, ಭಾಳ ಮಂದಿ ಅದಾರ" ಅಂದ. ಆ ಮಾತು ನಿಜವೂ ಇರಬಹುದು. ಬೆಳಗಿನ ಜಾವದವರೆಗೆ ನಿದ್ದೆ ಬರಲಿಲ್ಲ. ಸರಿಯಾದದ್ದನ್ನು ಮಾಡಿದರೆ ಹಾಯಾಗಿ ನಿದ್ದೆ ಬರುತ್ತದೆ ಅಂತ ಯಾರು ಹೇಳಿದರೋ! ಹದಿನೈದು ಸಾವಿರ ಕೈಬಿಟ್ಟವನಿಗೆ ಬರುವುದಿಲ್ಲ.

ಬಸವನ ಬಾಗೇವಾಡಿ: ಮುಗಿಯದ ನೀರು

ಕೊನೆಯ ದಿನ ಬಸವನ ಬಾಗೇವಾಡಿ. ಬಸವಣ್ಣನವರು ಹುಟ್ಟಿದ ಊರು. 2024ರಲ್ಲಿ ಸರಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಹೊರಗೆ ಕಟ್ಟೆಯ ಮೇಲೆ ಕೂತೆ. ಶರಣರಲ್ಲಿ ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು ಎಲ್ಲ ಇದ್ದರು. ಎಲ್ಲರ ಕೆಲಸವೂ ಕಾಯಕ ಅನ್ನಿಸಿಕೊಂಡಿತು. ಮಂದಿಯ ಕಣ್ಣು ಕಟ್ಟುವ ನನ್ನ ಕೆಲಸ ಆ ಸಾಲಿನಲ್ಲಿ ಕೂಡುತ್ತದೆಯೋ ಇಲ್ಲವೋ? ಹಿಂದಿನ ರಾತ್ರಿಯ ಗ್ಲಾಸಿನ ಮೇಲೆ ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ.

ಊರಲ್ಲಿ ಮೂರು ಅಂಗಡಿ ತಿರುಗಿದೆ. ಇಬ್ಬರು ಬೇಡ ಅಂದರು. ಮೂರನೆಯದು ಹನಿ ನೀರಾವರಿ ಸಾಮಾನಿನ ಅಂಗಡಿ. ಗಲ್ಲಾದ ಮೇಲೆ ಕೂತವರು ಐವತ್ತರ ಹತ್ತಿರದ ಅಕ್ಕಾರು. ಯಜಮಾನರು ತೀರಿಕೊಂಡ ಮೇಲೆ ಅವರೇ ವ್ಯಾಪಾರ ನೋಡುತ್ತಿದ್ದರು. ಕಾರ್ಡು ಓದಿ, ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ಹಿಟ್ಟಿನಹಳ್ಳಿ ಮ್ಯಾಳಕ್ಕ ನಾವೂ ಮಳಿಗಿ ಹಾಕ್ತೀವಿ. ಮಂದಿ ನಿಲ್ಲಸ್ತೀರಿ, ಖರೇ. ನಿಂತ ಮ್ಯಾಲ ಏನ್ ಹೇಳ್ತೀರಿ? ಅದನ್ನ ಹೇಳ್ರಿ."

ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಚೀಲಕ್ಕೆ ಕೈ ಹಾಕಿದೆ, ತಾಮ್ರದ ತಂಬಿಗೆ ಸಿಕ್ಕಿತು.

ತಂಬಿಗೆಯ ಆಟವನ್ನು ನೀವೂ ನೋಡಿರಬಹುದು. ತಂಬಿಗೆಯನ್ನು ಬೋರಲು ಹಾಕಿ ನೀರೆಲ್ಲ ಚೆಲ್ಲುವುದು. ಖಾಲಿಯಾಯಿತು ಅಂತ ತೋರಿಸಿ ಬದಿಗಿಡುವುದು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿ ಚೆಲ್ಲಿದರೆ ಮತ್ತೆ ನೀರು. ಹೀಗೆ ಎಷ್ಟು ಸಲವಾದರೂ. ದೊಡ್ಡ ಜಾದೂಗಾರ ಪಿ.ಸಿ. ಸರ್ಕಾರ್ ಇದನ್ನು ವಾಟರ್ ಆಫ್ ಇಂಡಿಯಾ ಅಂತ ಕರೆದು, ಇಡೀ ಪ್ರದರ್ಶನದ ನಡುನಡುವೆ ಆಡುತ್ತಿದ್ದರು. ನಾನು ಶಾಲೆಗಳಲ್ಲಿ ಗಂಗಾಮಾತೆ, ತುಂಬಿದ ಕೊಡ ಅಂತೆಲ್ಲ ಹೇಳಿ ಆಡುತ್ತಿದ್ದೆ.

ಆ ದಿನ ಬಾಯಿಗೆ ಬೇರೆಯೇ ಮಾತು ಬಂತು. ಮೊದಲ ಸಲ ಚೆಲ್ಲಿ ಹೇಳಿದೆ: "ನೋಡ್ರಿ ಅಕ್ಕಾರ, ತಂಬಿಗಿ ಖಾಲಿ." ಎರಡನೇ ಸಲ ಚೆಲ್ಲಿದೆ: "ಮತ್ತ ನೀರು!" ಅಂಗಡಿಯ ಹುಡುಗರು, ಪೈಪು ಒಯ್ಯಲು ಬಂದಿದ್ದ ಇಬ್ಬರು ರೈತರು ಹತ್ತಿರ ಬಂದರು. ಮೂರನೇ ಸಲ ಚೆಲ್ಲಿ ನಿಂತೆ. "ಈ ತಂಬಿಗ್ಯಾಗಿನ ನೀರು ಮುಗಿಯೂದಿಲ್ಲ. ಯಾಕ? ಇದು ಆಟ. ನಾ ನಿಮ್ಮ ಕಣ್ಣು ಕಟ್ಟೀನಿ. ಆದ್ರ ನಿಮ್ಮ ಬೋರಿನ ನೀರು ಆಟ ಅಲ್ಲ, ಅದು ಮುಗೀತೈತಿ. ಮುಗಿಯೂ ನೀರನ್ನ ಹೆಂಗ ಬಳಸಬೇಕು ಅಂತ ಜಾದೂಗಾರಗ ಗೊತ್ತಿಲ್ಲ. ಅದನ್ನ ಇವರನ್ನ ಕೇಳ್ರಿ. ಪೈಪು ಕೈಯಾಗ ಹಿಡದು ನೋಡ್ರಿ, ಬಗ್ಗಿಸಿ ನೋಡ್ರಿ, ಹಾಕ್ಸಿದ ರೈತರ ಹೊಲಕ್ಕ ಹೋಗಿ ನೋಡ್ರಿ."

ಬರದ ಜಿಲ್ಲೆ ನಮ್ಮದು. ಒಂದು ಕಡೆ ಆಲಮಟ್ಟಿಯಲ್ಲಿ ಸಮುದ್ರದಂತೆ ನೀರು, ಇನ್ನೊಂದು ಕಡೆ ಎಷ್ಟು ಕೊರೆದರೂ ಬರೀ ಧೂಳು ಬರುವ ಬೋರು. ಖಾಲಿ ತಂಬಿಗೆಯಿಂದ ನೀರು ಬಂದಾಗ ಆ ಇಬ್ಬರು ರೈತರ ಮುಖ ನೋಡಬೇಕಿತ್ತು. ಒಬ್ಬರು ಮೆಲ್ಲಗೆ, "ಹಿಂಗ ಬಂದಿದ್ರ ಎಷ್ಟು ಚಲೋ ಇತ್ತು" ಅಂದರು. ಇನ್ನೊಬ್ಬರು ಆಗಲೇ ಪೈಪಿನ ತೂತು ಎಷ್ಟು ಅಂತರಕ್ಕೆ ಇರುತ್ತವೆ ಅಂತ ಅಂಗಡಿ ಹುಡುಗನನ್ನು ಕೇಳುತ್ತಿದ್ದರು. ಆಟ ಮುಗಿದು ಆರು ನಿಮಿಷವೂ ಆಗಿರಲಿಲ್ಲ.

ಅಕ್ಕಾರು ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. "ಮ್ಯಾಳದಾಗೂ ಇದನ್ನ ಹೇಳ್ತೀರಿ? ಇದು ಆಟ ಅಂತ ಮದಲ ಹೇಳ್ತೀರಿ?" ಅಂತ ಕೇಳಿದರು.

"ಹೇಳೇ ಹೇಳ್ತೀನ್ರಿ."

"ಹಂಗಾರ ಬರ್ರಿ. ನಮ್ಮ ಪೈಪಿಗೆ ಜಾದೂ ಮಾಡಿದ್ರ ಅಂದ್ರ ನಾಳಿ ಒಂದು ಸೋರಿದ್ರೂ ಮಂದಿ ನನ್ನ ಹಿಡೀತಾರ. ನಾ ಇದ ಊರಾಗ ಇರಬೇಕಲ್ಲ."

ಎರಡು ದಿನಕ್ಕೆ ಎಂಟು ಸಾವಿರ ಮಾತಾಯಿತು. ನಾಲ್ಕು ಸಾವಿರ ಮುಂಗಡ ಎಣಿಸಿ ಕೊಟ್ಟು, ಒಂದು ಚೀಟಿಯ ಮೇಲೆ ದಿನ, ಹೊತ್ತು, ದುಡ್ಡು ಬರೆದು ಇಬ್ಬರೂ ಸಹಿ ಮಾಡಿದೆವು. ಹಾಗೇ ಬರೆದುಕೊಳ್ಳಬೇಕು ಅಂತ ಅವರೇ ಹೇಳಿದರು. ಮಧ್ಯಾಹ್ನ ಆಗಿತ್ತು, ಊಟ ಮಾಡಿಯೇ ಹೋಗಿ ಅಂತ ಕೂರಿಸಿದರು. ರೊಟ್ಟಿ, ಶೇಂಗಾ ಹಿಂಡಿ, ಕೊಲ್ಹಾರದ ಗಟ್ಟಿ ಮೊಸರು. ಮೊಸರಿನ ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಅಂತ ನಮ್ಮ ಕಡೆ ಮಾತು. ಅದರಲ್ಲಿ ಯಾವ ಕೈಚಳಕವೂ ಇಲ್ಲ.

ಆಮೇಲೆ

ಮೇಳದ ಎರಡೂ ದಿನ ತಂಬಿಗೆ ಚೆಲ್ಲಿದೆ. ತಾಸಿಗೆ ಮೂರು ಸಲ, ಏಳೇಳು ನಿಮಿಷ, ಮಳಿಗೆಯ ಎಡಬದಿಗೆ ನಿಂತು. ಸಿಂದಗಿಯ ಪಾಠ ಮರೆಯಲಿಲ್ಲ. ಎರಡನೆಯ ದಿನ ಸಂಜೆಗೆ ಗಂಟಲು ಕಟ್ಟಿತು. ಅಕ್ಕಾರ ನೋಟುಬುಕ್ಕಿನಲ್ಲಿ ಹೆಸರು, ಊರು, ಫೋನ್ ನಂಬರ್ ಬರೆಸಿದವರ ಪಟ್ಟಿ ನಾಲ್ಕು ಪುಟ ಆಗಿತ್ತು. ಅವರಲ್ಲಿ ಎಷ್ಟು ಜನ ಪೈಪು ಹಾಕಿಸಿದರೋ ಅದು ಅವರ ಲೆಕ್ಕ. ಬೇಸಿಗೆಯಲ್ಲಿ ಇನ್ನೊಂದು ಡೀಲರ್ ಸಭೆಗೆ ಬರಹೇಳಿದ್ದಾರೆ. ಇಂಡಿಯಿಂದಲೂ ಒಂದು ಫೋನ್ ಬಂದಿತ್ತು: ಗಾಜಿನ ಕೆಳಗಿನ ಕಾರ್ಡು ಯಾರೋ ನೋಡಿದರಂತೆ.

ಸಿಂದಗಿಯ ಎರಡು ಸಾವಿರ ಬಸ್ಸಿಗೆ, ಲಾಡ್ಜಿಗೆ, ಊಟಕ್ಕೇ ಹೋಗಿತ್ತು. ಮೇಳದ ಎಂಟು ಸಾವಿರಕ್ಕೆ ಮನೆಯಾಕಿ ಸ್ವಸಹಾಯ ಸಂಘದಲ್ಲಿ ಆರು ಸಾವಿರ ಎತ್ತಿ ಸೇರಿಸಿದಳು. ಮಗಳ ಫೀಸು ಗಡುವಿನ ಹಿಂದಿನ ದಿನ ಕಟ್ಟಿದೆವು. ಸಂಘದ ಕಂತು ಇನ್ನೂ ನಡೆದಿದೆ. ಇದರಲ್ಲೇ ಮನೆ ನಡೆಯುತ್ತದೆ ಅಂತ ನಾನು ಹೇಳಲಾರೆ. ವರ್ಷಕ್ಕೆ ಇಂಥ ಎಂಟು ಹತ್ತು ಕೆಲಸ ಸಿಕ್ಕರೆ ಹೆಚ್ಚು. ಮುಂಗಾರಿನ ಮುಂಚೆ, ಹಿಂಗಾರಿನ ಮುಂಚೆ ಡೀಲರ್ ಸಭೆಗಳು, ಚಳಿಗಾಲದಲ್ಲಿ ಮೇಳಗಳು, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಹೊತ್ತಿನ ಮಳಿಗೆಗಳು. ಇಷ್ಟೇ ನಮ್ಮ ಸುಗ್ಗಿ. ಈ ಕಸುಬು ಹಿಡಿಯಬೇಕು ಅನ್ನುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ಅರ್ಧ ದುಡ್ಡು ಮುಂಗಡ ಇಸಿದುಕೊಳ್ಳಿ, ಚೀಟಿ ಬರೆಸಿಕೊಳ್ಳಿ, ನೆರಳು ಮತ್ತು ಮೈಕು ಕೇಳಿ. ಮಾರುವ ಸಾಮಾನು ಏನು ಅಂತ ಮೊದಲು ನೋಡಿ. ಯಾರಾದರೂ ಬಿಳಿ ಕೋಟು ಕೊಟ್ಟರೆ ಮಾತ್ರ ಮನೆಗೊಂದು ಫೋನ್ ಮಾಡಿ.

ಮುದ್ದೇಬಿಹಾಳದ ಕಡೆ ಆ ಸಭೆಗಳು ನಡೆದವೋ ಇಲ್ಲವೋ, ಗ್ಲಾಸು ಯಾರು ಹಿಡಿದರೋ ನನಗೆ ಗೊತ್ತಾಗಲಿಲ್ಲ. ಆ ಕಡೆಯ ಬಸ್ಸು ಹತ್ತಿದಾಗೆಲ್ಲ ಕಿಟಕಿಯಿಂದ ಬಿಳಿಯಾದ ಹೊಲಗಳನ್ನು ನೋಡುತ್ತ ಕೂರುತ್ತೇನೆ.

ಮೇಳದ ಕೊನೆಯ ದಿನ ಒಬ್ಬ ಸಣ್ಣ ಹುಡುಗ ಎಲ್ಲರೂ ಹೋದ ಮೇಲೂ ನಿಂತಿದ್ದ. "ಅಂಕಲ್, ಆ ತಂಬಿಗಿ ನಮ್ಮ ಮನಿಗೆ ಕೊಡ್ರಿ. ನಮ್ಮವ್ವ ನೀರಿಗೆ ಭಾಳ ದೂರ ಹೋಗ್ತಾಳ" ಅಂದ. ಇದು ಆಟ ಅಂತ ನಾನು ಮೊದಲೇ ಹೇಳಿದ್ದೆ, ಅವನೂ ಕೇಳಿದ್ದ. ಆದರೂ ಕೇಳಿದ. ತಂಬಿಗೆಯನ್ನು ಅವನ ಕೈಗೆ ಕೊಟ್ಟು, ಒಳಗಿನ ಗುಟ್ಟು ಪೂರಾ ತೋರಿಸಿದೆ. ಅವನು ಬಗ್ಗಿ ನೋಡಿ, ತಲೆಯಾಡಿಸಿ, ತಂಬಿಗೆಯನ್ನು ಹುಷಾರಾಗಿ ವಾಪಸು ಕೊಟ್ಟು ಅಪ್ಪನ ಹಿಂದೆ ಓಡಿದ.